ಹತ್ತನೇ ಕ್ಲಾಸಿಗೆ ಗಣಿತ ಬಿಡಬಹುದಾ? ಮನೆಯಲ್ಲೇ ಓದುವವರಿಗೆ ನಾಲ್ಕು ವರ್ಷದ ಲೆಕ್ಕ

ಬಸ್ಸಲ್ಲಿ ಕೂತು ಕೇಳ್ತಾ ಇದ್ದೀರೋ, ರಾತ್ರಿ ಮಲಗೋ ಮುಂಚೆ ಇಯರ್‌ಫೋನ್ ಹಾಕ್ಕೊಂಡಿದ್ದೀರೋ ಗೊತ್ತಿಲ್ಲ. ಇವತ್ತಿನ ಮಾತು ಶುರುವಾಗಿದ್ದು ಒಂದು ಫೋನ್ ಕರೆಯಿಂದ.

ಕಳೆದ ತಿಂಗಳು ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಹದಿನಾಲ್ಕು ವರ್ಷದ ಹುಡುಗ. ಹಾಸ್ಟೆಲ್ ಒಗ್ಗಲಿಲ್ಲ ಅಂತ ಶಾಲೆ ಬಿಟ್ಟು ಮನೆಗೆ ಬಂದಿದ್ದಾನೆ, ಮನೆಯಲ್ಲೇ ಓದ್ತಾನೆ. ಹತ್ತನೇ ಪರೀಕ್ಷೆಗೆ ಅರ್ಜಿ ತುಂಬ್ತಾ ಇದ್ದ. "ಅಕ್ಕಾ, ಇದರಲ್ಲಿ ಗಣಿತ ಕಡ್ಡಾಯ ಅಲ್ವಂತೆ. ಬಿಟ್ಟುಬಿಡ್ಲಾ? ಕೊನೇ ದಿನ ಹತ್ತಿರ ಬಂತು" ಅಂದ. ದನಿಯಲ್ಲಿ ಏನು ಖುಷಿ ಅಂತೀರಿ! ಜೈಲಿಂದ ಬಿಡುಗಡೆ ಆದಂಗಿತ್ತು.

ನನಗೆ ನಗು ಬರಲಿಲ್ಲ. ಯಾಕಂದ್ರೆ ಅವನ ವಯಸ್ಸಲ್ಲಿ ನಾನೂ ಅದನ್ನೇ ಮಾಡಿದ್ದೆ. ಅದಕ್ಕೆ ಒಂದು ಇಡೀ ವರ್ಷದ ಬೆಲೆ ಕೊಟ್ಟಿದ್ದೆ.

ನನ್ನ ಕಥೆ ಚಿಕ್ಕದಾಗಿ ಹೇಳ್ತೀನಿ. ನಮ್ಮೂರು ಶಿರಸಿ ಹತ್ತಿರ. ಎಂಟನೇ ಕ್ಲಾಸಲ್ಲಿ ಕಾಮಾಲೆ ಆಗಿ ಮೂರು ತಿಂಗಳು ಹಾಸಿಗೆ ಹಿಡಿದೆ. ಆಮೇಲೆ ಮತ್ತೆ ಶಾಲೆಗೆ ಹೋಗೋ ಮನಸ್ಸೇ ಬರಲಿಲ್ಲ. ಅಮ್ಮ ಹೇಳಿದ್ರು, "ಒಂದು ವರ್ಷ ಮನೆಯಲ್ಲೇ ಓದು, ನೋಡೋಣ." ಆ ಒಂದು ವರ್ಷ ಐದು ವರ್ಷ ಆಯ್ತು. ಬೇಕಾದಷ್ಟು ಓದಿದೆ. ಕಾದಂಬರಿ, ಇತಿಹಾಸ, ಹಕ್ಕಿಗಳ ಪುಸ್ತಕ. ಗಣಿತ ಮಾತ್ರ ಅಟ್ಟದ ಮೇಲಿಟ್ಟೆ. ಹತ್ತನೇದಕ್ಕೆ ಕನ್ನಡ, ಇಂಗ್ಲಿಷ್, ಸಮಾಜ ವಿಜ್ಞಾನ, ವಿಜ್ಞಾನ, ಗೃಹವಿಜ್ಞಾನ ತಗೊಂಡೆ. ಪಾಸಾದೆ. ಮನೆಯಲ್ಲಿ ಹೋಳಿಗೆ ಊಟ.

ಹದಿನಾರನೇ ವಯಸ್ಸಲ್ಲಿ ಆಕಾಶದ ಹುಚ್ಚು ಹಿಡೀತು. ಭೌತವಿಜ್ಞಾನ ಓದಬೇಕು ಅನ್ನಿಸ್ತು. ಪುಸ್ತಕ ತಂದೆ. ಇಳಿಜಾರಿನ ಮೇಲೆ ಜಾರುವ ಪೆಟ್ಟಿಗೆಯ ಲೆಕ್ಕ ಬಂತು. ಅದರಲ್ಲಿ ಸೈನ್ ಥೀಟಾ ಅಂತಿತ್ತು. ಸೈನ್ ಅಂದ್ರೆ ಏನು ಅಂತಲೇ ನನಗೆ ಗೊತ್ತಿಲ್ಲ! ಅಲ್ಲಿಂದ ಹಿಂದಕ್ಕೆ ಹೋದೆ. ತ್ರಿಕೋನಮಿತಿಗೆ ಸಮರೂಪ ತ್ರಿಭುಜ ಬೇಕು, ಅದಕ್ಕೆ ಅನುಪಾತ ಬೇಕು, ಅನುಪಾತಕ್ಕೆ ಭಿನ್ನರಾಶಿ ಸರಿಯಾಗಿ ಬರಬೇಕು. ಮೆಟ್ಟಿಲು ಇಳೀತಾ ಇಳೀತಾ ಏಳನೇ ಕ್ಲಾಸಿಗೆ ಬಂದು ನಿಂತೆ. ಕೊನೆಗೆ ಹತ್ತನೇ ಗಣಿತ ಒಂದಕ್ಕೇ ಮತ್ತೆ ಅರ್ಜಿ ಹಾಕಿ, ಒಂದು ವರ್ಷ ಬರೀ ಅದನ್ನೇ ಮಾಡಿದೆ. ಈಗ ಬಿಎಸ್ಸಿ ಮುಗಿಸಿ ಭೌತವಿಜ್ಞಾನದಲ್ಲೇ ಎಂಎಸ್ಸಿ ಮಾಡ್ತಾ ಇದ್ದೀನಿ. ಆ ವರ್ಷ ದಂಡ ಆಯ್ತು ಅಂತ ಹೇಳಲ್ಲ. ಆದ್ರೆ ಮೊದಲೇ ಯಾರಾದ್ರೂ ಕೂರಿಸಿಕೊಂಡು ಲೆಕ್ಕ ಹಾಕಿ ತೋರಿಸಿದ್ರೆ ಉಳೀತಿತ್ತು. ಇವತ್ತು ಆ ಲೆಕ್ಕ ಹಾಕೋಣ.

ಮೊದಲು ಪರೀಕ್ಷೆಯ ವಿಷಯ. ಮನೆಯಲ್ಲಿ ಓದುವ ನಮ್ಮಲ್ಲಿ ಬಹಳ ಜನ ಹಿಡಿಯೋ ದಾರಿ ಎನ್‌ಐಒಎಸ್. ಅಂದ್ರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. 1989ರಲ್ಲಿ ಶುರುವಾಗಿದ್ದು, ಕೇಂದ್ರ ಸರ್ಕಾರದ್ದೇ. ಹತ್ತನೇ ಮಟ್ಟಕ್ಕೆ ಕನಿಷ್ಠ 14 ವರ್ಷ, ಹನ್ನೆರಡನೇ ಮಟ್ಟಕ್ಕೆ ಕನಿಷ್ಠ 15 ವರ್ಷ ಆಗಿರಬೇಕು. ಐದು ವಿಷಯ ಪಾಸಾದ್ರೆ ಪ್ರಮಾಣಪತ್ರ. ಬೇಕಾದ್ರೆ ಇನ್ನೂ ಎರಡು ವಿಷಯ ಸೇರಿಸಿಕೊಳ್ಳಬಹುದು. ಒಮ್ಮೆ ನೋಂದಣಿ ಆದ್ರೆ ಐದು ವರ್ಷ ನಡೆಯುತ್ತೆ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್–ಮೇನಲ್ಲಿ ಒಮ್ಮೆ, ಅಕ್ಟೋಬರ್–ನವೆಂಬರ್‌ನಲ್ಲಿ ಒಮ್ಮೆ. ಪಾಸಾದ ವಿಷಯ ಪಾಸಾದಂತೆಯೇ ಜಮಾ ಆಗಿರುತ್ತೆ. ಐದನ್ನೂ ಒಂದೇ ಸಲ ಬರೀಬೇಕು ಅಂತಿಲ್ಲ.

ಈ ಸ್ವಾತಂತ್ರ್ಯ ಒಳ್ಳೇದೇ. ಆದ್ರೆ ಇದೇ ಸ್ವಾತಂತ್ರ್ಯದಲ್ಲಿ ಗಣಿತ ಇಲ್ಲದೆಯೂ ಹತ್ತನೇ ಪಾಸಾಗಬಹುದು. ಶಾಲೆಯಲ್ಲಿದ್ರೆ ಟೀಚರ್ ಬಿಡಲ್ಲ. ಇಲ್ಲಿ "ಬೇಡ ಕಣೋ" ಅನ್ನೋರು ಯಾರೂ ಇಲ್ಲ. ಅದಕ್ಕೇ ನಾವೇ ಯೋಚನೆ ಮಾಡಬೇಕು.

ಯೋಚನೆ ಹೇಗೆ ಮಾಡೋದು? ಹಿಂದಿನಿಂದ ಮುಂದಕ್ಕಲ್ಲ, ಮುಂದಿನಿಂದ ಹಿಂದಕ್ಕೆ. ಹದಿನೆಂಟನೇ ವಯಸ್ಸಲ್ಲಿ ಯಾವ ಬಾಗಿಲ ಮುಂದೆ ನಿಲ್ಲಬೇಕು ಅಂತ ಕೇಳ್ಕೊಳ್ಳಿ. ಎಂಜಿನಿಯರಿಂಗ್ ಅಂದ್ರೆ ಹನ್ನೆರಡರಲ್ಲಿ ಭೌತ, ರಸಾಯನ, ಗಣಿತ. ವೈದ್ಯಕೀಯ ಅಂದ್ರೆ ಭೌತ, ರಸಾಯನ, ಜೀವವಿಜ್ಞಾನ. ಅರ್ಥಶಾಸ್ತ್ರ, ಡೇಟಾ, ವಾಸ್ತುಶಿಲ್ಪ, ಇವೆಲ್ಲಕ್ಕೂ ಗಣಿತ ಬೇಕು. "ನನಗಿನ್ನೂ ಗೊತ್ತಿಲ್ಲ" ಅಂತೀರಾ? ಹದಿನಾಲ್ಕಕ್ಕೆ ಗೊತ್ತಿರಬೇಕು ಅಂತೇನಿಲ್ಲ. ಗೊತ್ತಿಲ್ಲದವರಿಗೆ ನನ್ನ ಸಲಹೆ ಒಂದೇ: ಹತ್ತರಲ್ಲಿ ಗಣಿತ, ವಿಜ್ಞಾನ ಎರಡನ್ನೂ ಇಟ್ಕೊಳ್ಳಿ. ಆಮೇಲೆ ಬಿಡೋದು ಸುಲಭ, ಆಮೇಲೆ ಸೇರಿಸೋದು ಕಷ್ಟ. ಹನ್ನೆರಡಕ್ಕೆ ಬಂದಾಗಲೂ ಒಂದು ಭಾಷೆ, ಭೌತ, ರಸಾಯನ, ಗಣಿತ, ಜೀವ ಅಂತ ಐದು ತಗೊಂಡ್ರೆ ಎರಡೂ ಕಡೆಯ ಬಾಗಿಲು ತೆರೆದಿರುತ್ತೆ. ಹೊರೆ ಜಾಸ್ತಿ, ಹೌದು. ಆದ್ರೆ ಎರಡು ವರ್ಷ ಇದೆ.

ಇನ್ನೊಂದು ಪ್ರಶ್ನೆ ಎಲ್ಲರೂ ಕೇಳ್ತಾರೆ. "ಮುಕ್ತ ಶಾಲೆಯಲ್ಲಿ ಓದಿದ್ರೆ ಜೆಇಇ, ನೀಟ್ ಬರೆಯೋಕೆ ಬಿಡ್ತಾರಾ?" ಜೆಇಇ ಮೇನ್‌ಗೆ ಎನ್‌ಐಒಎಸ್‌ನ ಹನ್ನೆರಡನೇ ಪರೀಕ್ಷೆ ಕನಿಷ್ಠ ಐದು ವಿಷಯಗಳೊಂದಿಗೆ ನಡೆಯುತ್ತೆ. ನೀಟ್‌ನಲ್ಲಿ ಒಮ್ಮೆ ಮುಕ್ತ ಶಾಲೆಯವರನ್ನ ಹೊರಗಿಟ್ಟಿದ್ರು. 2018ರಲ್ಲಿ ದೆಹಲಿ ಹೈಕೋರ್ಟ್ ಆ ನಿಯಮವನ್ನ ರದ್ದು ಮಾಡ್ತು. ನಿಯಮಗಳು ಬದಲಾಗ್ತಾ ಇರ್ತವೆ. ವಾಟ್ಸ್ಆ್ಯಪ್‌ನಲ್ಲಿ ಬಂದಿದ್ದನ್ನ ನಂಬಬೇಡಿ, ನೀವು ಬರೆಯೋ ವರ್ಷದ ಮಾಹಿತಿ ಪುಸ್ತಕವನ್ನೇ ತೆಗೆದು ಓದಿ. ಕರ್ನಾಟಕದ ಸಿಇಟಿಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಸರ್ಕಾರಿ ಸೀಟಿಗೆ ರಾಜ್ಯದಲ್ಲಿ ಏಳು ವರ್ಷ ಓದಿದ ದಾಖಲೆ ಕೇಳ್ತಾರೆ. ಮನೆಯಲ್ಲಿ ಓದಿದ ವರ್ಷಗಳಿಗೆ ಶಾಲೆಯ ದಾಖಲೆ ಇರಲ್ಲ. ತಂದೆ-ತಾಯಿಯ ಆಧಾರದ ಮೇಲೆ ಬರುವ ಕಲಮುಗಳೂ ಇವೆ. ನಿಮ್ಮದು ಯಾವುದು ಅಂತ ಹನ್ನೆರಡರ ಕೊನೆಯಲ್ಲಿ ಅಲ್ಲ, ಈಗಲೇ ಅಪ್ಪ-ಅಮ್ಮನ ಜೊತೆ ಕೂತು ನೋಡ್ಕೊಳ್ಳಿ. ಶಾಲೆ ಬಿಡುವಾಗ ಕೊಟ್ಟ ಟಿಸಿ, ಅಂಕಪಟ್ಟಿ, ಜನನ ಪ್ರಮಾಣಪತ್ರ ಎಲ್ಲ ಒಂದು ಫೈಲಲ್ಲಿ ಇರಲಿ.

ಸರಿ, ಈಗ ಓದಿನ ಲೆಕ್ಕ. ಒಂಬತ್ತು ಮತ್ತು ಹತ್ತು.

ವರ್ಷದಲ್ಲಿ 52 ವಾರ. ಹಬ್ಬ, ಮದುವೆ, ಜ್ವರ, ನಮ್ಮ ಕಡೆ ಆದ್ರೆ ಅಡಿಕೆ ಕೊಯ್ಲು, ಎಲ್ಲ ಕಳೆದು 40 ವಾರ ಅಂತ ಇಟ್ಕೊಳ್ಳಿ. ದಿನಕ್ಕೆ ಒಂದು ಗಂಟೆ, ವಾರಕ್ಕೆ ಐದು ದಿನ ಗಣಿತ ಮಾಡಿದ್ರೆ ವರ್ಷಕ್ಕೆ 200 ಗಂಟೆ. ಎನ್‌ಸಿಇಆರ್‌ಟಿಯ ಹತ್ತನೇ ಗಣಿತ ಪುಸ್ತಕದಲ್ಲಿ 14 ಪಾಠ. ಒಂದಕ್ಕೆ ಎರಡು ವಾರ ಅಂದ್ರೂ 28 ವಾರದಲ್ಲಿ ಮುಗೀತು. ಇನ್ನೂ 12 ವಾರ ಕೈಯಲ್ಲಿದೆ, ಹಳೇ ಪ್ರಶ್ನೆಪತ್ರಿಕೆಗೆ, ಅರ್ಥ ಆಗದೆ ಉಳಿದಿದ್ದಕ್ಕೆ. ನೋಡಿದ್ರಾ? ಭಯ ಪಡುವಷ್ಟು ದೊಡ್ಡದೇನಲ್ಲ. ದಿನಕ್ಕೆ ಒಂದೇ ಗಂಟೆ. ಆದ್ರೆ ದಿನವೂ. ಗಣಿತದಲ್ಲಿ ಭಾನುವಾರ ಒಂದೇ ದಿನ ಐದು ಗಂಟೆ ಕೂರೋದು ಅಂದ್ರೆ ವಾರದ ಊಟ ಒಂದೇ ಹೊತ್ತಿಗೆ ಮಾಡಿದಂಗೆ.

ನೀವು ಎನ್‌ಐಒಎಸ್ ಪರೀಕ್ಷೆ ಬರೆಯೋರಾದ್ರೆ ಅವರದ್ದೇ ಪುಸ್ತಕ ಇದೆ, ಅದನ್ನೇ ಮುಖ್ಯವಾಗಿ ಓದಿ. ಜೊತೆಗೆ ಎನ್‌ಸಿಇಆರ್‌ಟಿ ಇಟ್ಕೊಳ್ಳಿ. ಎರಡೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗ್ತವೆ. ನಮ್ಮ ಪಿಯು ವಿಜ್ಞಾನದಲ್ಲೂ ಎನ್‌ಸಿಇಆರ್‌ಟಿ ಪಾಠಗಳೇ ಇರೋದ್ರಿಂದ, ಮುಂದೆ ಕಾಲೇಜಿಗೆ ಸೇರೋ ಮನಸ್ಸಾದ್ರೆ ದಾರಿ ತಪ್ಪಲ್ಲ.

ಹತ್ತನೇ ಗಣಿತದಲ್ಲಿ ಯಾವುದು ಗಟ್ಟಿ ಇರಬೇಕು? ನನ್ನ ಪ್ರಕಾರ ನಾಲ್ಕು. ಬೀಜಗಣಿತದ ಕೈಕೆಲಸ, ಅಂದ್ರೆ ಸಮೀಕರಣವನ್ನ ಆ ಕಡೆ ಈ ಕಡೆ ಮಾಡೋದು. ಅನುಪಾತ. ಗ್ರಾಫ್ ಓದೋದು. ಮತ್ತೆ ತ್ರಿಕೋನಮಿತಿ. ಈ ನಾಲ್ಕು ಇದ್ರೆ ಹನ್ನೊಂದರ ವಿಜ್ಞಾನ ನಿಮ್ಮನ್ನ ಹೆದರಿಸಲ್ಲ.

ಈಗ ಬರೋದು ಇವತ್ತಿನ ಮುಖ್ಯ ಮಾತು. ಗಮನ ಕೊಟ್ಟು ಕೇಳಿ.

ಹನ್ನೊಂದನೇ ತರಗತಿಯ ಭೌತವಿಜ್ಞಾನ ಶುರುವಾದ ಕೆಲವೇ ವಾರಕ್ಕೆ ಸದಿಶ ಬರುತ್ತೆ, ಅಂದ್ರೆ ವೆಕ್ಟರ್. ವೇಗ, ವೇಗೋತ್ಕರ್ಷ ಹೇಳುವಾಗ ಡೆರಿವೇಟಿವ್ ಬರುತ್ತೆ. ಆದ್ರೆ ಗಣಿತದ ಪುಸ್ತಕ ತೆಗೆದು ನೋಡಿ. ಡೆರಿವೇಟಿವ್ ಇರೋದು ಹನ್ನೊಂದರ ಪುಸ್ತಕದ ಕೊನೆಯ ಹತ್ತಿರ. ವೆಕ್ಟರ್ ಇರೋದು ಹನ್ನೆರಡರಲ್ಲಿ! ಜೂನ್‌ನಲ್ಲಿ ಭೌತವಿಜ್ಞಾನಕ್ಕೆ ಬೇಕಾಗಿದ್ದು ಗಣಿತದಲ್ಲಿ ಬರೋದು ಮುಂದಿನ ವರ್ಷ. ಕಾಲೇಜಲ್ಲಿ ಮೇಷ್ಟ್ರು ಎರಡು ಕ್ಲಾಸ್ ತಗೊಂಡು ಬೋರ್ಡ್ ಮೇಲೆ ಇದನ್ನ ತುಂಬಿಸಿಬಿಡ್ತಾರೆ. ಮನೆಯಲ್ಲಿ ಓದುವವರಿಗೆ ಆ ಎರಡು ಕ್ಲಾಸ್ ಇಲ್ಲ. ಪುಸ್ತಕವನ್ನ ಮೊದಲ ಪುಟದಿಂದ ಕ್ರಮವಾಗಿ ಓದೋ ಪ್ರಾಮಾಣಿಕ ಹುಡುಗ ಹುಡುಗೀರೇ ಇಲ್ಲಿ ಬೀಳೋದು. "ನನಗೆ ಫಿಸಿಕ್ಸ್ ತಲೆಗೆ ಹತ್ತಲ್ಲ" ಅಂದ್ಕೊಳ್ತಾರೆ. ತಲೆಯ ತಪ್ಪಲ್ಲ ಅದು, ಕ್ರಮದ ತಪ್ಪು.

ಪರಿಹಾರ ಸರಳ. ಹನ್ನೊಂದು ಶುರು ಮಾಡೋ ಮುಂಚೆ ಮೂರು ವಾರ ಬೇರೆ ಏನೂ ಬೇಡ, ಬರೀ ಸಲಕರಣೆ ಹದ ಮಾಡ್ಕೊಳ್ಳಿ. ಮೊದಲ ವಾರ ಸೈನ್, ಕೊಸೈನ್ ಮತ್ತೆ ವೆಕ್ಟರ್ ಕೂಡಿಸೋದು, ಅದನ್ನ ಎರಡು ದಿಕ್ಕಿಗೆ ಒಡೆಯೋದು. ಎರಡನೇ ವಾರ ಗ್ರಾಫ್‌ನ ಇಳಿಜಾರು, ಅಲ್ಲಿಂದ ಡೆರಿವೇಟಿವ್. ಸ್ಕೂಟರ್ ಎಷ್ಟು ದೂರ ಹೋಯ್ತು ಅನ್ನೋ ಗ್ರಾಫ್‌ನ ಇಳಿಜಾರೇ ಅದರ ವೇಗ. ಇಷ್ಟು ಅರ್ಥ ಆದ್ರೆ ಸದ್ಯಕ್ಕೆ ಸಾಕು. ಮೂರನೇ ವಾರ ಹತ್ತರ ಘಾತಗಳು ಮತ್ತೆ ಲಾಗರಿದಮ್.

ಲಾಗರಿದಮ್ ಯಾಕೆ? ರಸಾಯನವಿಜ್ಞಾನಕ್ಕೆ. ಪಿಎಚ್ ಅಂದ್ರೆ ಲಾಗರಿದಮ್ಮೇ. ಪಿಎಚ್ 3 ಇರೋ ದ್ರಾವಣ 5 ಇರೋದಕ್ಕಿಂತ ಎರಡರಷ್ಟು ಹೆಚ್ಚು ಆಮ್ಲ ಅಲ್ಲ, ನೂರು ಪಟ್ಟು. ಇದು ಗೊತ್ತಿಲ್ಲದೆ ಓದಿದ್ರೆ ಬರೀ ಬಾಯಿಪಾಠ ಆಗುತ್ತೆ. ಹಾಗೇ ಮೋಲ್ ಅನ್ನೋದು. 18 ಗ್ರಾಂ ನೀರು ಒಂದು ಮೋಲ್, 9 ಗ್ರಾಂ ಅರ್ಧ ಮೋಲ್. ಕಿರಾಣಿ ಅಂಗಡಿಯ ಅನುಪಾತದ ಲೆಕ್ಕವೇ ಇದು, ಹೆಸರು ಮಾತ್ರ ಹೊಸದು. ಜೀವವಿಜ್ಞಾನದ ಅನುವಂಶೀಯತೆಗೆ ಸಂಭವನೀಯತೆ ಬೇಕು. ಜೀವಕೋಶದ ಒಳಗಿನ ಪ್ರೋಟೀನ್, ಕಾರ್ಬೋಹೈಡ್ರೇಟ್ ಅರ್ಥ ಆಗೋಕೆ ಸ್ವಲ್ಪ ರಸಾಯನ ಮೊದಲೇ ಗೊತ್ತಿರಬೇಕು. ಹಾಗಾಗಿ ನಾಲ್ಕು ವಿಷಯದ ಪಾಠಗಳ ಹೆಸರನ್ನ ನಾಲ್ಕು ಬಣ್ಣದ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ಯಾವುದು ಯಾವುದರ ಮೇಲೆ ನಿಂತಿದೆ ಅಂತ ಗೆರೆ ಎಳೆದು ನೋಡಿ. ಒಂದು ಸಂಜೆಯ ಕೆಲಸ. ಎರಡು ವರ್ಷದ ತಲೆನೋವು ಉಳಿಯುತ್ತೆ.

ಪ್ರಯೋಗದ ಮಾತು. ಎನ್‌ಐಒಎಸ್‌ನ ಹನ್ನೆರಡರ ಭೌತ, ರಸಾಯನ, ಜೀವವಿಜ್ಞಾನದಲ್ಲಿ 80 ಅಂಕ ಬರವಣಿಗೆಗೆ, 20 ಅಂಕ ಪ್ರಯೋಗಕ್ಕೆ. ಮನೆಯಲ್ಲಿ ಓದುವವರು ಜಾರೋದು ಇಲ್ಲೇ. ಪರೀಕ್ಷೆಯ ದಿನ ಮೊದಲ ಸಲ ಬ್ಯೂರೆಟ್ ಕೈಯಲ್ಲಿ ಹಿಡಿದು ನಡುಗೋದು ಬೇಡ.

ಮನೆಯಲ್ಲಿ ಆಗೋದು ಬಹಳ ಇದೆ. ಒಂದು ವರ್ನಿಯರ್ ಕ್ಯಾಲಿಪರ್, ಒಂದು ಸ್ಕ್ರೂ ಗೇಜ್, ಒಂದು ಮಲ್ಟಿಮೀಟರ್, ಕೆಲವು ಬ್ಯಾಟರಿ, ತಂತಿ, ಇಷ್ಟು ಇದ್ರೆ ಭೌತವಿಜ್ಞಾನದ ಎಷ್ಟೋ ಪ್ರಯೋಗ ಮುಗೀತವೆ. ನಾನು ಮಾಡಿದ ಮೊದಲ ಪ್ರಯೋಗಕ್ಕೆ ಅದೂ ಬೇಕಾಗಿರಲಿಲ್ಲ. ಹಳೇ ಬೀಗ ಒಂದನ್ನ ದಾರಕ್ಕೆ ಕಟ್ಟಿ ಬಾಗಿಲ ಚೌಕಟ್ಟಿಗೆ ನೇತು ಹಾಕಿದೆ. ಮೇಲಿನ ಗಂಟಿನಿಂದ ಬೀಗದ ನಡುವಿನವರೆಗೆ ಒಂದು ಮೀಟರ್. ಸ್ವಲ್ಪ ಎಳೆದು ಬಿಟ್ಟು, ಹೋಗಿ ಬರೋ 20 ಓಲಾಟಕ್ಕೆ ಎಷ್ಟು ಹೊತ್ತು ಅಂತ ಮೊಬೈಲಲ್ಲಿ ಎಣಿಸಿದೆ. 40.2 ಸೆಕೆಂಡ್. ಅಂದ್ರೆ ಒಂದು ಓಲಾಟಕ್ಕೆ 2.01 ಸೆಕೆಂಡ್. ಸೂತ್ರಕ್ಕೆ ಹಾಕಿ ಗುರುತ್ವದ ಬೆಲೆ ತೆಗೆದ್ರೆ 9.77 ಬಂತು. ಪುಸ್ತಕದಲ್ಲಿ 9.8 ಅಂತಿದೆ. ನಮ್ಮ ಕಣಜದ ಬೀಗ ಭೂಮಿಯನ್ನ ಅಳೆದುಬಿಟ್ಟಿತ್ತು! ಅಮ್ಮನ್ನ ಅಡುಗೆಮನೆಯಿಂದ ಎಳ್ಕೊಂಡು ಬಂದು ತೋರಿಸಿದೆ. ದಾರವನ್ನ ಕಾಲು ಮೀಟರ್ ಮಾಡಿದ್ರೆ ಸಮಯ ಕಾಲು ಆಗಲ್ಲ, ಅರ್ಧ ಆಗುತ್ತೆ. ನೀವೂ ಮಾಡಿ ನೋಡಿ. ವರ್ಗಮೂಲ ಅಂದ್ರೆ ಏನು ಅಂತ ಕೈಗೆ ತಿಳಿಯುತ್ತೆ.

ರಸಾಯನದಲ್ಲಿ ಅರಿಶಿನದ ನೀರಿಗೆ ಸೋಪಿನ ನೀರು ಹಾಕಿದ್ರೆ ಕೆಂಪಾಗೋದು, ದಾಸವಾಳದ ರಸ ನಿಂಬೆಹಣ್ಣಿಗೆ ಒಂದು ಬಣ್ಣ, ಸೋಡಾಕ್ಕೆ ಇನ್ನೊಂದು ಬಣ್ಣ ಆಗೋದು, ಇವೆಲ್ಲ ಮನೆಯಲ್ಲೇ ಆಗುತ್ತೆ. ಆದ್ರೆ ಗಾಢ ಆಮ್ಲ, ಲವಣ ಪರೀಕ್ಷೆ, ಇವನ್ನ ಮನೆಗೆ ತರಬೇಡಿ. ಅದಕ್ಕೆ ಲ್ಯಾಬ್ ಬೇಕು, ಪಕ್ಕದಲ್ಲಿ ಗೊತ್ತಿರೋರು ಇರಬೇಕು. ನಿಮ್ಮ ಅಧ್ಯಯನ ಕೇಂದ್ರದಲ್ಲಿ ಪ್ರಯೋಗದ ತರಗತಿ ಯಾವಾಗ ಅಂತ ಸೇರಿದ ತಿಂಗಳೇ ಕೇಳಿ. ಅಲ್ಲಿ ಸಾಲದಿದ್ರೆ ಊರಿನ ಪಿಯು ಕಾಲೇಜಿಗೆ ಅಪ್ಪನೋ ಅಮ್ಮನೋ ಜೊತೆಗೆ ಹೋಗಿ, ದಸರಾ ರಜೆಯಲ್ಲಿ ಹತ್ತು ದಿನ ಲ್ಯಾಬ್ ಬಳಸಬಹುದಾ ಅಂತ ವಿನಂತಿ ಮಾಡಿ. ನಾನು ಮೂರು ಕಡೆ ಕೇಳಿದೆ. ಎರಡು ಕಡೆ ಇಲ್ಲ ಅಂದ್ರು, ಮೂರನೇ ಕಡೆ ಒಬ್ಬರು ಮೇಡಂ "ಬಾರಮ್ಮ" ಅಂದ್ರು. ಆ ಹತ್ತು ದಿನ ನನ್ನ ರಸಾಯನವನ್ನ ಉಳಿಸ್ತು. ಬೆಂಗಳೂರು ಕಡೆ ಇರೋರು ಜವಾಹರಲಾಲ್ ನೆಹರೂ ತಾರಾಲಯ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ಭಾರತೀಯ ವಿಜ್ಞಾನ ಸಂಸ್ಥೆಯ ಓಪನ್ ಡೇ, ಇವನ್ನ ಬಿಡಬೇಡಿ. ಆಟಿಕೆಯಲ್ಲಿ ವಿಜ್ಞಾನ ಕಲಿಸೋ ಅರವಿಂದ ಗುಪ್ತ ಅವರ ವೆಬ್‌ಸೈಟ್ ಊರು ಯಾವುದಾದ್ರೂ ಪುಕ್ಕಟೆ.

ಈಗ ನಿಮಗೆ ಸ್ವಲ್ಪ ಚುಚ್ಚೋ ಮಾತು. ವಿಡಿಯೋ.

ಮೊಬೈಲಲ್ಲಿ ಒಬ್ಬರು ಲೆಕ್ಕ ಬಿಡಿಸೋದು ನೋಡ್ತೀವಿ. "ಆಹಾ, ಗೊತ್ತಾಯ್ತು" ಅನ್ಸುತ್ತೆ. ಮುಂದಿನ ವಿಡಿಯೋ. ಸಂಜೆ ಹೊತ್ತಿಗೆ ಆರು ಪಾಠ ನೋಡಿರ್ತೀವಿ, ಪೆನ್ನು ಮುಟ್ಟಿರಲ್ಲ. ಇನ್ನೊಬ್ಬರು ಈಜೋದು ನೋಡಿ ಈಜು ಬರಲ್ಲ, ಅಲ್ವಾ? ನಾನು ಮಾಡ್ಕೊಂಡ ನಿಯಮ ಇದು: ಪ್ರಶ್ನೆ ತೋರಿಸಿದ ತಕ್ಷಣ ವಿಡಿಯೋ ನಿಲ್ಲಿಸಿ, ಹತ್ತು ನಿಮಿಷ ನಾನೇ ಪ್ರಯತ್ನ ಮಾಡಬೇಕು. ತಪ್ಪಾದ್ರೂ ಸರಿ. ಆಮೇಲೆ ಮುಂದಿನದು ನೋಡೋದು.

ಜೊತೆಗೆ ಮೂರು ವಾರಕ್ಕೊಮ್ಮೆ ಪುಸ್ತಕ ಮುಚ್ಚಿ ಒಂದು ಪ್ರಶ್ನೆಪತ್ರಿಕೆ ಬರೀರಿ. ತಿದ್ದೋಕೆ ಬೇರೆಯವರಿಗೆ ಕೊಡಿ. ಅತ್ತೆಯ ಮಗಳಿರಬಹುದು, ನಿವೃತ್ತ ಮೇಷ್ಟ್ರು ಇರಬಹುದು. ನಮ್ಮ ಅಮ್ಮನಿಗೆ ಗಣಿತ ಬರ್ತಿರಲಿಲ್ಲ. ಅವರು ಉತ್ತರಸೂಚಿ ಇಟ್ಕೊಂಡು ಸಾಲು ಸಾಲಾಗಿ ಹೋಲಿಸಿ ನೋಡೋರು. "ಇಲ್ಲಿ ಮೈನಸ್ ಇತ್ತಲ್ಲ, ಎಲ್ಲಿ ಹೋಯ್ತು?" ಅಂತ ಕೇಳೋರು. ಹಾಗೆ ಎಷ್ಟು ಮೈನಸ್ ಸಿಕ್ಕಿವೆ ಲೆಕ್ಕ ಇಲ್ಲ. ತಪ್ಪಾಗಿದ್ದನ್ನ ಬೇರೆ ನೋಟ್‌ಬುಕ್ಕಲ್ಲಿ ಬರೆದಿಡಿ. ಪರೀಕ್ಷೆ ಹಿಂದಿನ ದಿನ ಓದೋಕೆ ಅದಕ್ಕಿಂತ ಒಳ್ಳೇ ಪುಸ್ತಕ ಇಲ್ಲ.

ಪರೀಕ್ಷೆಯನ್ನ ಹಂಚಿಕೊಳ್ಳೋದನ್ನೂ ಮರೀಬೇಡಿ. ಹತ್ತರಲ್ಲಿ ಭಾಷೆ ಮತ್ತೆ ಸಮಾಜ ಒಂದು ಸಲ, ಗಣಿತ ಮತ್ತೆ ವಿಜ್ಞಾನ ಇನ್ನೊಂದು ಸಲ ಬರೆದ್ರೆ ಉಸಿರಾಡೋಕೆ ಜಾಗ ಸಿಗುತ್ತೆ. ಅಧ್ಯಯನ ಕೇಂದ್ರಕ್ಕೆ ಕೊಡೋ ಅಸೈನ್‌ಮೆಂಟ್‌ಗಳನ್ನ ಕಡೆಗಣಿಸಬೇಡಿ, ಅದಕ್ಕೂ ಅಂಕ ಇದೆ. ಹತ್ತು ಪಾಸಾಗಿ ಹನ್ನೆರಡರ ಪ್ರಮಾಣಪತ್ರ ಪಡೆಯೋಕೆ ನಡುವೆ ಎರಡು ವರ್ಷದ ಅಂತರ ಬೇಕು. ಹಾಗಾಗಿ ಹತ್ತನ್ನ ವಿನಾಕಾರಣ ಮುಂದೂಡಿದ್ರೆ ಹನ್ನೆರಡೂ ಮುಂದಕ್ಕೆ ಹೋಗುತ್ತೆ.

ಒಂದು ಮಾತು ಮನಸ್ಸಲ್ಲಿರಲಿ. ಎಲ್ಲರೂ ವಿಜ್ಞಾನವೇ ಓದಬೇಕು ಅಂತ ನಾನು ಹೇಳ್ತಾ ಇಲ್ಲ. ಗಣಿತ ಬಿಟ್ಟು ಸಂಗೀತಕ್ಕೆ, ಕೃಷಿಗೆ, ಸಾಹಿತ್ಯಕ್ಕೆ ಹೋಗಿ ಸುಖವಾಗಿರೋರು ಇದ್ದಾರೆ. ಅದು ಬೇಕು ಅಂತ ಹೋಗೋದು ಬೇರೆ, ಗಣಿತದ ಭಯಕ್ಕೆ ಹೋಗೋದು ಬೇರೆ. ಹದಿನಾಲ್ಕಕ್ಕೆ ನಾನು ಮಾಡಿದ್ದು ಎರಡನೇದು. ಅದಕ್ಕೆ "ನನ್ನ ಆಯ್ಕೆ" ಅಂತ ಹೆಸರು ಕೊಟ್ಟಿದ್ದೆ ಅಷ್ಟೇ.

ಇದನ್ನೆಲ್ಲ ಆ ದಿನ ತಮ್ಮನಿಗೆ ಹೇಳಿದೆ. ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ, "ನನಗೆ ಭಿನ್ನರಾಶಿಯೇ ಸರಿಯಾಗಿ ಬರಲ್ಲ ಅಕ್ಕಾ. ಹಾಸ್ಟೆಲಲ್ಲಿ ಎಲ್ಲರ ಮುಂದೆ ಬೋರ್ಡಿಗೆ ಕರೆದಿದ್ರು, ಎಲ್ಲರೂ ನಕ್ಕರು" ಅಂದ. ವಿಷಯ ಅಲ್ಲಿತ್ತು. ನಾನಂದೆ, "ಹಂಗಾದ್ರೆ ಭಿನ್ನರಾಶಿಯಿಂದಲೇ ಶುರು ಮಾಡೋಣ. ಇಲ್ಲಿ ನಗೋರು ಯಾರಿದ್ದಾರೆ? ನಾನೂ ಅಲ್ಲಿಂದಲೇ ಹತ್ತಿ ಬಂದಿದ್ದು."

ಮೂರು ದಿನ ಬಿಟ್ಟು ಒಂದು ಮೆಸೇಜ್ ಬಂತು. "211 ಹಾಕಿದೆ" ಅಂತ ಅಷ್ಟೇ. 211 ಅಂದ್ರೆ ಎನ್‌ಐಒಎಸ್ ಹತ್ತನೇ ಮಟ್ಟದ ಗಣಿತದ ಕೋಡ್. ಈಗ ದಿನಾ ಸಂಜೆ ಏಳಕ್ಕೆ ಮಾಡಿದ ಲೆಕ್ಕದ ಫೋಟೋ ಕಳಿಸ್ತಾನೆ. ನಿನ್ನೆ ಕಳಿಸಿದ್ರಲ್ಲಿ ಒಂದು ಮೈನಸ್ ಕಳೆದುಹೋಗಿತ್ತು. "ಇಲ್ಲಿ ಮೈನಸ್ ಇತ್ತಲ್ಲ, ಎಲ್ಲಿ ಹೋಯ್ತು?" ಅಂತ ಬರೆದೆ. ಬರೆದ ಮೇಲೆ ಅಮ್ಮನ ನೆನಪಾಗಿ ನಗು ಬಂತು.

ನಿಮ್ಮಲ್ಲಿ ಯಾರಾದ್ರೂ ಮನೆಯಲ್ಲಿ ಓದ್ತಾ ಇದ್ರೆ, ಅಥವಾ ಓದ್ತಾ ಇರೋ ತಮ್ಮ ತಂಗಿ ಇದ್ರೆ, ಇವತ್ತು ರಾತ್ರಿ ಒಂದೇ ಕೆಲಸ ಮಾಡಿ. ಒಂದು ಹಾಳೆ ತಗೊಂಡು, ಗಣಿತದಲ್ಲಿ ಸರಿಯಾಗಿ ಬರೋ ಕೊನೇ ಪಾಠ ಯಾವುದು ಅಂತ ಬರೀರಿ. ಏಳನೇ ಕ್ಲಾಸಿನದ್ದಾದ್ರೂ ಪರವಾಗಿಲ್ಲ. ನಾಳೆ ಅಲ್ಲಿಂದ ಶುರು ಮಾಡಿ, ಒಂದು ಗಂಟೆ.